ಒಣ ಊರಿನ ಹಸಿ ಗಾಜು

ಫ್ರಿಜ್‌ನಿಂದ ತೆಗೆದಿಟ್ಟ ನೀರಿನ ಬಾಟಲಿ ಬೆವರುವುದನ್ನು ನೋಡದವರಿಲ್ಲ. ಮಂಗಳೂರಿನವರಿಗೆ ಅದರಲ್ಲಿ ಸೋಜಿಗವೇನೂ ಇಲ್ಲ, ಅಲ್ಲಿ ಗಾಳಿಯೇ ಹಸಿ. ವಿಜಯಪುರದ ಏಪ್ರಿಲ್ ಹಾಗಲ್ಲ. ಹತ್ತು ಗಂಟೆಗೆ ಹರವಿದ ಧೋತರ ಹನ್ನೊಂದಕ್ಕೆ ಹಪ್ಪಳದಂತೆ ಗರಿಗರಿಯಾಗಿರುತ್ತದೆ. ತುಟಿ ಒಡೆಯುತ್ತದೆ, ಕಣ್ಣು ಉರಿಯುತ್ತದೆ, ಕೊಡದ ನೀರು ತಾನಾಗಿ ಇಳಿಯುತ್ತದೆ. ಅಂಥ ಗಾಳಿಯಲ್ಲೂ ತಣ್ಣನೆಯ ಬಾಟಲಿಯ ಮೈಮೇಲೆ ಹನಿ ಕೂಡುತ್ತದೆ. ಎಲ್ಲಿಂದ ಬಂತು ಆ ನೀರು?

ಈ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಣದ್ರಾಕ್ಷಿಯ ಚಿತ್ರ ತೆಗೆಯಲು ಹೋಗಿದ್ದೆ. ಆ ಕಡೆಯವರ ಬಾಯಲ್ಲಿ ಅದು ಮಣೂಕ. ಜೊತೆಗಿದ್ದವರು ಅದೇ ಊರಿನ ಮದುವೆ ಫೋಟೋಗ್ರಾಫರ್. ಐದು ಡಿಗ್ರಿಯ ಕೋಣೆಯಲ್ಲಿ ಮುಕ್ಕಾಲು ತಾಸು ಇದ್ದೆವು. ಪೆಟ್ಟಿಗೆಗಳ ಸಾಲು, ಉಣ್ಣೆ ಟೋಪಿ ಹಾಕಿದ ಹಮಾಲರು, ಒಳ್ಳೆಯ ಬೆಳಕು. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೇ ಹೊರಗಿನ ಬಿಸಿಲಿಗೆ ಕಾಲಿಟ್ಟೆ. ಎರಡೇ ಕ್ಷಣದಲ್ಲಿ ಲೆನ್ಸ್ ಹಾಲು ಬಳಿದಂತೆ ಬಿಳುಪಾಯಿತು. ಅಂಗಿಯ ತುದಿಯಿಂದ ಒರಸಲು ಹೋದೆ.

“ಒರಸಬ್ಯಾಡ್ರಿ ಸರ. ಒರಸಿದಷ್ಟೂ ಮತ್ತ ಕೂಡ್ತೈತಿ,” ಅಂದರು ಅವರು.

ಅವರ ಕ್ಯಾಮೆರಾ ಆಗಲೇ ಒಂದು ದಪ್ಪ ಪ್ಲಾಸ್ಟಿಕ್ ಚೀಲದೊಳಗಿತ್ತು. ಅದನ್ನು ಒಳಗೇ, ಆ ತಣ್ಣನೆಯ ಕೋಣೆಯಲ್ಲೇ ಹಾಕಿ ಬಾಯಿ ಬಿಗಿದಿದ್ದರು. ಹೊರಗೆ ಬಂದಾಗ ಚೀಲದ ಹೊರಮೈ ಬೆವರಿತು, ಒಳಗಿನ ಗಾಜು ಬೆವರಲಿಲ್ಲ. ಅರ್ಧ ತಾಸು ಬೇವಿನ ನೆರಳಲ್ಲಿ ಕೂತು ಚಹಾ ಕುಡಿದೆವು. ಆಮೇಲೆ ಅವರು ಚೀಲ ಬಿಚ್ಚಿದಾಗ ಕ್ಯಾಮೆರಾ ಗಾಳಿಯಷ್ಟೇ ಬೆಚ್ಚಗಿತ್ತು, ಲೆನ್ಸ್ ನಿಚ್ಚಳವಾಗಿತ್ತು.

ಚೀಲದಲ್ಲಿ ಕ್ಯಾಮೆರಾ ಅಲ್ಲದ್ದು

ಅವತ್ತು ಅವರ ಕ್ಯಾಮೆರಾ ಚೀಲವನ್ನು ಪೂರ್ತಿ ಬಿಚ್ಚಿ ತೋರಿಸಲು ಕೇಳಿಕೊಂಡೆ. ಟ್ರೈಪಾಡಿನ ಸ್ಕ್ರೂ ಬಿಗಿಯಲು ಒಂದು ರೂಪಾಯಿಯ ನಾಣ್ಯ, ಬಟ್ಟೆಯ ಟೇಪು, ಸಣ್ಣ ಟಾರ್ಚು, ರಬ್ಬರ್ ಬುಡ್ಡೆಯ ಬ್ಲೋವರ್, ಹಳೆಯ ಮೆತ್ತನೆಯ ಧೋತರದ ತುಂಡು, ಎರಡು ಪ್ಲಾಸ್ಟಿಕ್ ಚೀಲ. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಗೆ ಹಕ್ಕಿ ಹಿಡಿಯಲು, ಅಂದರೆ ಚಿತ್ರದಲ್ಲಿ ಹಿಡಿಯಲು, ಹೋಗುವಾಗ ಕಾರಿನ ಕಿಟಕಿಯ ಮೇಲಿಟ್ಟು ಉದ್ದ ಲೆನ್ಸಿಗೆ ತಲೆದಿಂಬು ಮಾಡುವ ಒಂದು ಪುಟ್ಟ ಚೀಲ, ಅದರ ತುಂಬ ಜೋಳ. ತಳದಲ್ಲಿ, ನಾವೆಲ್ಲ ಹೊಸ ಚಪ್ಪಲಿ ಡಬ್ಬಿಯಿಂದ ತೆಗೆದು ಎಸೆಯುವ ಬಿಳಿ ಪೊಟ್ಟಣಗಳು ನಾಲ್ಕಾರು. ಅದೇ ‘ಡು ನಾಟ್ ಈಟ್’ ಎಂದು ಬರೆದ ಪೊಟ್ಟಣ.

ವಿಜಯಪುರದಲ್ಲಿ ಕ್ಯಾಮೆರಾ ಹಿಡಿದವರ ಸಾಲು ಉದ್ದವಾದದ್ದು. 1855ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿ ಇಲ್ಲಿಯ ಗುಮ್ಮಟ ಮಸೀದಿಗಳ ಚಿತ್ರ ತೆಗೆದ. ಅವನ ನಂತರ ಆ ಕೆಲಸ ಡಾಕ್ಟರ್ ಪಿಗೂ ಎಂಬ ವೈದ್ಯನ ಪಾಲಿಗೆ ಬಂತು. ಬಿಗ್ಸ್ ತೆಗೆದ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದ ಜೊತೆ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಬಿಗ್ಸನ ನೆಗೆಟಿವ್ ಕಾಗದದ್ದು. ಬೆಳ್ಳಿಯ ಲವಣ, ಬಟ್ಟಲು, ಕಾಗದ, ಕತ್ತಲು ಮಾಡಿಕೊಳ್ಳುವ ಬಟ್ಟೆ, ಎಲ್ಲ ಹೊತ್ತು ತಿರುಗಬೇಕು. ಕ್ಯಾಮೆರಾಕ್ಕಿಂತ ಕ್ಯಾಮೆರಾ ಅಲ್ಲದ್ದೇ ಹೆಚ್ಚು ಭಾರ. ಹೊರೆ ಈಗ ಹಗುರಾಗಿದೆ. ನೀರು ಮತ್ತು ಧೂಳಿನ ಕಾಟ ಮಾತ್ರ ಹಾಗೇ ಉಳಿದಿದೆ.

ಚೀಲದ ಉಳಿದ ಸಾಮಾನುಗಳನ್ನು ಬದಿಗಿಟ್ಟು ಆ ಬಿಳಿ ಪೊಟ್ಟಣದ ಹಿಂದೆ ಹೋಗೋಣ. ಅದನ್ನು ಅರಿತರೆ ಲೆನ್ಸ್ ಏಕೆ ಬೆವರಿತು, ದ್ರಾಕ್ಷಿ ಹೇಗೆ ಮಣೂಕವಾಯಿತು ಎರಡೂ ತಿಳಿಯುತ್ತವೆ.

ತುಂಬುಮಟ್ಟ

ಗಾಳಿಯಲ್ಲಿ ನೀರು ಆವಿಯಾಗಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಷ್ಟು ಆವಿ ಇರಬಲ್ಲದು ಎನ್ನುವುದನ್ನು ಬಿಸಿ ತೀರ್ಮಾನಿಸುತ್ತದೆ. 40 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 51 ಗ್ರಾಂ ನೀರು ಆವಿಯಾಗಿ ಇರಬಹುದು. 5 ಡಿಗ್ರಿಯಲ್ಲಿ 7 ಗ್ರಾಂ ಕೂಡ ಹಿಡಿಸದು. ಗಾಳಿ ಪಾತ್ರೆಯೇನಲ್ಲ, ಗಾಳಿಯೇ ಇಲ್ಲದ ಖಾಲಿ ಡಬ್ಬಿಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ಆದರೂ ಕೊಡದ ಮಾತಿನಲ್ಲಿ ಹೇಳಿದರೆ ಬೇಗ ಮನಸ್ಸಿಗೆ ಹತ್ತುತ್ತದೆ. ಬೇಸಿಗೆಯ ಕೊಡ ದೊಡ್ಡದು, ಚಳಿಯ ಕೊಡ ಚಿಕ್ಕದು.

ತಿಕೋಟಾದ ಆ ಮಧ್ಯಾಹ್ನ 40 ಡಿಗ್ರಿ, ಗಾಳಿಯಲ್ಲಿ 10 ಗ್ರಾಂ ನೀರು ಎಂದುಕೊಳ್ಳಿ. 51ರ ಕೊಡದಲ್ಲಿ 10 ಎಂದರೆ ಐದನೇ ಒಂದು ಪಾಲು ತುಂಬಿದೆ, ನೂರಕ್ಕೆ 20. ಕೊಡ ಎಷ್ಟು ತುಂಬಿದೆ ಎನ್ನುವ ಈ ಪಾಲನ್ನು ತುಂಬುಮಟ್ಟ ಎಂದು ಕರೆಯುತ್ತೇನೆ. ಶಾಲೆಯ ಪುಸ್ತಕದಲ್ಲಿ ಇದು ಸಾಪೇಕ್ಷ ಆರ್ದ್ರತೆ, ರೇಡಿಯೋದ ಹವಾಮಾನ ವರದಿಯಲ್ಲಿ ಹ್ಯುಮಿಡಿಟಿ. 20ರ ತುಂಬುಮಟ್ಟ ಎಂದರೆ ಬಾಯಾರಿದ ಗಾಳಿ. ಧೋತರ, ತುಟಿ, ದ್ರಾಕ್ಷಿ, ಸಿಕ್ಕದ್ದೆಲ್ಲದರಿಂದ ನೀರು ಎಳೆಯುತ್ತದೆ.

ಈಗ ಇದೇ ಗಾಳಿ 5 ಡಿಗ್ರಿಯ ಲೆನ್ಸಿಗೆ ತಾಕುತ್ತದೆ. ಗಾಜನ್ನು ಮುಟ್ಟಿದ ತೆಳು ಪದರವಷ್ಟೇ ತಣ್ಣಗಾಗಿ, ಅದರ ಕೊಡ 51ರಿಂದ 7ಕ್ಕೆ ಕುಗ್ಗುತ್ತದೆ. ನೀರು ಮಾತ್ರ ಹತ್ತೇ ಗ್ರಾಂ. ಹೆಚ್ಚಾದ ಮೂರು ಗ್ರಾಂ ಚೆಲ್ಲಲೇಬೇಕು, ಚೆಲ್ಲುವುದು ಗಾಜಿನ ಮೇಲೆ. ಒರಸಿದರೆ ಹೊಸ ಗಾಳಿ ಬಂದು ತಾಕಿ ಮತ್ತೆ ಚೆಲ್ಲುತ್ತದೆ. ಗಾಜು ಬೆಚ್ಚಗಾಗುವ ತನಕ ಇದು ನಿಲ್ಲದು. ಪ್ಲಾಸ್ಟಿಕ್ ಚೀಲದೊಳಗೆ ಕೂತದ್ದು ಕೋಲ್ಡ್ ಸ್ಟೋರೇಜಿನ ಗಾಳಿ, ಅದರಲ್ಲಿ ಇದ್ದ ನೀರೇ ಕಡಿಮೆ. ಹೊರಗಿನ ಹತ್ತು ಗ್ರಾಂ ಗಾಜಿನವರೆಗೆ ಬರಲಾಗದೆ ಪ್ಲಾಸ್ಟಿಕ್ಕಿನ ಮೇಲೆ ಚೆಲ್ಲಿತು.

ಒಣ ಊರಿನಲ್ಲಿ ಗಾಜು ಹಸಿಯಾದದ್ದು ಹೀಗೆ. ಗಾಳಿಯ ನೀರು ಹೆಚ್ಚಾಗಲಿಲ್ಲ, ಒಂದು ಕೂದಲೆಳೆಯಷ್ಟು ಜಾಗದಲ್ಲಿ ಕೊಡ ಚಿಕ್ಕದಾಯಿತು. ಲೆನ್ಸಿನ ಧೂಳನ್ನು ಬಾಯಿಂದ ಊದಬಾರದು ಎನ್ನುವುದಕ್ಕೂ ಇದೇ ಕಾರಣ. ನಮ್ಮ ಉಸಿರು ನೂರರ ತುಂಬುಮಟ್ಟದ ಹತ್ತಿರವಿರುತ್ತದೆ. ಅದಕ್ಕೆಂದೇ ಚೀಲದಲ್ಲಿ ರಬ್ಬರ್ ಬುಡ್ಡೆ.

ಮಣೂಕದ ಒಗಟು

ಕೋಲ್ಡ್ ಸ್ಟೋರೇಜಿಗೆ ಬರುವ ಮೊದಲು ಮಣೂಕ ಹುಟ್ಟುವುದು ಹೊಲದ ಶೆಡ್ಡಿನಲ್ಲಿ. ತಿಕೋಟಾ, ಬಬಲೇಶ್ವರದ ದಾರಿಯುದ್ದಕ್ಕೂ ಗೋಡೆಯಿಲ್ಲದ ಉದ್ದನೆಯ ಶೆಡ್ಡುಗಳು ಕಾಣುತ್ತವೆ. ಒಳಗೆ ಒಂದರ ಮೇಲೊಂದು ಬಲೆಯ ಅಂತಸ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ದ ಥಾಮ್ಸನ್ ಬೀಜರಹಿತ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಎಂಬ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ಆ ಬಲೆಗಳ ಮೇಲೆ ಹರವುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿ ಹಚ್ಚಿದಂತೆ ಕಾಣುವ ಮೇಣವಿದೆಯಲ್ಲ, ಅದು ಹೆಂಚು ಹೊದಿಸಿದಂತೆ ಪದರಪದರವಾಗಿ ಕೂತು ನೀರನ್ನು ಒಳಗೇ ತಡೆಯುತ್ತದೆ. ಅದ್ದುವ ಎಣ್ಣೆ ಆ ಹೆಂಚುಗಳನ್ನು ಸಡಿಲಿಸುತ್ತದೆ. ದಾರಿ ತೆರೆದ ಮೇಲೆ ಉಳಿದದ್ದು ಬಾಯಾರಿದ ಗಾಳಿಯ ಕೆಲಸ. ಎರಡು ವಾರದ ಆಚೀಚೆ ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಮಣೂಕವಾಗುತ್ತದೆ.

ಆ ಒಂದು ಕಿಲೋದಲ್ಲಿ ಇನ್ನೂ ಸುಮಾರು 150 ಗ್ರಾಂ ನೀರು ಇದೆ. ಒಂದು ಲೋಟದಷ್ಟು! ಒಣಗಿದ್ದು ಎನ್ನುತ್ತೇವೆ, ಹಿಂಡಿದರೆ ಮೆತ್ತಗಿರುತ್ತದೆ, ತಿಂಗಳುಗಟ್ಟಲೆ ಇಟ್ಟರೂ ಬೂಷ್ಟು ಹಿಡಿಯುವುದಿಲ್ಲ.

ಇದರ ಪಕ್ಕದಲ್ಲಿ ನನ್ನದೇ ಒಂದು ನಷ್ಟವನ್ನು ಇಡುತ್ತೇನೆ. ಒಂದು ಮಳೆಗಾಲ ಪೂರ್ತಿ ಒಂದು ಲೆನ್ಸನ್ನು ಚರ್ಮದ ಕವಚದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟು ಮರೆತಿದ್ದೆ. ದೀಪಾವಳಿಗೆ ತೆಗೆದು ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂಥ ನವಿರು ಎಳೆಗಳು. ಬೂಷ್ಟು. ಅದು ಬೆಳೆಯುತ್ತ ಆಮ್ಲ ಸುರಿಸುತ್ತದೆ, ಆ ಆಮ್ಲ ಗಾಜಿನ ಲೇಪವನ್ನು ಕೊರೆಯುತ್ತದೆ. ಎಳೆಗಳನ್ನು ಒರಸಿ ತೆಗೆದರೂ ಕೊರೆದ ಗುರುತು ಹೋಗುವುದಿಲ್ಲ. ನನ್ನ ಲೆನ್ಸಿನಲ್ಲಿ ಅದು ಇವತ್ತಿಗೂ ಇದೆ. ಆ ಗಾಜಿನ ಮೇಲೆ ಒಂದು ತೊಟ್ಟು ನೀರೂ ಇರಲಿಲ್ಲ.

ಲೋಟದಷ್ಟು ನೀರಿರುವ ಮಣೂಕಕ್ಕೆ ಬೂಷ್ಟು ಬರುವುದಿಲ್ಲ, ತೊಟ್ಟು ನೀರಿಲ್ಲದ ಗಾಜಿಗೆ ಬರುತ್ತದೆ. ಏಕೆ?

ಗೂಟಕ್ಕೆ ಕಟ್ಟಿದ ಎತ್ತು

ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಅದರ ಜೊತೆಗೆ ದನಗಳ ಜಾತ್ರೆ. ಕಣ್ಣು ಹಾಯುವವರೆಗೂ ಎತ್ತುಗಳು. ಆದರೂ ಹತ್ತಿರದ ಹೊಲದ ಒಡೆಯ ನೆಮ್ಮದಿಯಾಗಿ ಮಲಗುತ್ತಾನೆ, ಏಕೆಂದರೆ ಪ್ರತಿ ಎತ್ತೂ ಗೂಟಕ್ಕೆ ಕಟ್ಟಿದೆ. ಬಿಚ್ಚಿಕೊಂಡ ಎತ್ತು ನಾಲ್ಕೇ ಇದ್ದರೂ ಬೆಳಗಾಗುವುದರೊಳಗೆ ಜೋಳ ನೆಲಕಚ್ಚುತ್ತದೆ. ಎಣಿಸಬೇಕಾದದ್ದು ಬಿಚ್ಚಿದ ಎತ್ತುಗಳನ್ನು.

ನೀರೂ ಹಾಗೆಯೇ. ಮಣೂಕದ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬರೀ ಸಕ್ಕರೆ. ನೀರಿನ ಕಣದ ಒಂದು ತುದಿಗೆ ಕೊಂಚ ಧನ ವಿದ್ಯುತ್ತು, ಇನ್ನೊಂದು ತುದಿಗೆ ಕೊಂಚ ಋಣ. ಸಕ್ಕರೆಯ ಕಣಕ್ಕೂ ಅಂಥವೇ ತುದಿಗಳು ಹಲವಾರು. ಒಂದಕ್ಕೊಂದು ಎಳೆದುಕೊಂಡು ಅಂಟಿಕೊಳ್ಳುತ್ತವೆ. ಸಕ್ಕರೆ ಗೂಟ, ನೀರು ಎತ್ತು. ಆ 150 ಗ್ರಾಂನಲ್ಲಿ ಬಹುಪಾಲು ಕಟ್ಟುನೀರು, ಹಾರಿಹೋಗಲು ಅಥವಾ ಬೂಷ್ಟಿನ ಬಾಯಿಗೆ ಸಿಗಲು ಬಿಡುವಿಲ್ಲದ ನೀರು. ಬಿಡುನೀರು ಎಷ್ಟಿದೆ ಎನ್ನುವ ಅಳತೆಗೆ ಆಹಾರ ವಿಜ್ಞಾನದಲ್ಲಿ ವಾಟರ್ ಆಕ್ಟಿವಿಟಿ ಎಂಬ ಹೆಸರಿದೆ. ಅದನ್ನು ಅಳೆಯುವ ಬಗೆ ಬಲು ಸರಳ: ವಸ್ತುವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಅದರ ಸುತ್ತಲಿನ ಗಾಳಿಯ ತುಂಬುಮಟ್ಟ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡುವುದು. ಪೂರ್ತಿ ಬಿಡುನೀರಾದರೆ ಅದು 100ಕ್ಕೆ ನಿಲ್ಲುತ್ತದೆ. ಚೆನ್ನಾಗಿ ಒಣಗಿದ ಮಣೂಕದ ಡಬ್ಬಿಯಲ್ಲಿ 50ರಿಂದ 60ರ ನಡುವೆ.

60 ಎನ್ನುವುದು ಜೀವಲೋಕದ ಒಂದು ಗಡಿ. ಅದರ ಕೆಳಗೆ ಯಾವ ಬೂಷ್ಟೂ ಬೆಳೆಯದು, ಗೂಟದಿಂದ ನೀರನ್ನು ಬಿಚ್ಚಿಕೊಳ್ಳುವ ಕಸು ಯಾವುದಕ್ಕೂ ಇಲ್ಲ. ಬೆಲ್ಲ ಕೆಡುವುದಿಲ್ಲ, ಕಟಿ ರೊಟ್ಟಿ ತಿಂಗಳಿರುತ್ತದೆ, ಹಗೇವಿನಲ್ಲಿ ಸುರಿದ ಒಣ ಜೋಳ ವರ್ಷ ದಾಟುತ್ತದೆ. ನಮ್ಮ ಅಜ್ಜಿಯರು ಈ ಗಡಿಯನ್ನು ಬೆರಳಿನಲ್ಲೇ ಬಲ್ಲವರಾಗಿದ್ದರು, ಕಾಳನ್ನು ಹಲ್ಲಲ್ಲಿ ಕಚ್ಚಿ ‘ಕಟ್’ ಅಂದರೆ ಸೈ ಎನ್ನುತ್ತಿದ್ದರು.

ಲೆನ್ಸಿನ ಗಾಜಿಗೆ ಸಕ್ಕರೆಯಿಲ್ಲ. ಅದರ ಭಾಗ್ಯವೆಲ್ಲ ಸುತ್ತಲಿನ ಗಾಳಿಯ ತುಂಬುಮಟ್ಟದ್ದು. ಮಳೆಗಾಲದಲ್ಲಿ ವಿಜಯಪುರದಲ್ಲೂ ಗಾಳಿ 60ನ್ನು ದಾಟಿ ದಿನಗಟ್ಟಲೆ ನಿಲ್ಲುತ್ತದೆ. ಮುಚ್ಚಿದ ಕಪಾಟು, ನೀರು ಕುಡಿದ ಚರ್ಮ, ಗಾಜಿನ ಮೇಲೆ ಬೆರಳಿನ ಜಿಡ್ಡು ಮತ್ತು ಧೂಳಿನ ಊಟ, ಬೂಷ್ಟಿಗೆ ಅಷ್ಟು ಸಾಕಾಯಿತು. ಬೆಲ್ಲ ಬೆವರುವ ವಾರಗಳಲ್ಲೇ ಲೆನ್ಸೂ ಕೆಡುತ್ತದೆ.

ಒಂದು ಗ್ರಾಂನಲ್ಲಿ ಏಳು ಗುಂಟೆ

ಹಾಗಾದರೆ ಚೀಲದೊಳಗಿನ ಗಾಳಿಗೆ ಗೂಟ ಹುಗಿಯಬೇಕು. ಪೊಟ್ಟಣದ ಕೆಲಸ ಅದೇ.

ಒಳಗಿರುವ ಸಾಬಕ್ಕಿಯಂಥ ಮಣಿಗಳ ಹೆಸರು ಸಿಲಿಕಾ ಜೆಲ್. ಸಿಲಿಕಾ ಎಂದರೆ ಬೇರೇನಲ್ಲ, ನಮ್ಮ ಹಳ್ಳದ ಮರಳು. ಲೆನ್ಸಿನ ಗಾಜಿನಲ್ಲೂ ಸಾಮಾನ್ಯವಾಗಿ ಅದೇ ಹೆಚ್ಚು. ಲೆನ್ಸಿನ ವೈರಿಯಾದ ಧೂಳಿನಲ್ಲಿ ಗಾಜಿಗಿಂತ ಗಟ್ಟಿಯಾದ ಮರಳಿನ ಹರಳೂ ಇರುತ್ತದೆ, ಅದೂ ಸಿಲಿಕಾ. ಅದಕ್ಕೇ ಮೊದಲು ಊದಿ, ಆಮೇಲೆ ಬಟ್ಟೆ ಮುಟ್ಟಿಸಬೇಕು. ಮೊದಲೇ ಉಜ್ಜಿದರೆ ಗೀರು ಬೀಳುತ್ತದೆ. ನೋಡುವ ಗಾಜು, ಗೀರುವ ಹರಳು, ಕಾಯುವ ಮಣಿ, ಮೂರೂ ಒಂದೇ ಪದಾರ್ಥ. ಈ ಒಂದು ಸಂಗತಿಗಾಗಿಯೇ ನನಗೆ ಆ ಪೊಟ್ಟಣದ ಮೇಲೆ ಅಕ್ಕರೆ.

ಮರಳು ನೀರನ್ನು ಹಿಡಿಯುವುದಿಲ್ಲ, ಮಣಿ ಹಿಡಿಯುತ್ತದೆ. ವ್ಯತ್ಯಾಸ ಕಟ್ಟಡದ್ದು. ಮಣಿಯ ಒಳಗೆಲ್ಲ ಸುರಂಗಗಳು, ಒಂದೊಂದರ ಅಗಲ ಎಂಟು ಹತ್ತು ನೀರಿನ ಕಣಗಳನ್ನು ಸಾಲಾಗಿ ನಿಲ್ಲಿಸುವಷ್ಟೇ. ಆ ಸುರಂಗಗಳ ಗೋಡೆಯನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೆ ಒಂದು ಗ್ರಾಂ ಮಣಿಯಿಂದ ಸುಮಾರು 700 ಚದರ ಮೀಟರ್ ಹಾಸು ಸಿಗುತ್ತದೆ. ನಮ್ಮ ರೈತರ ಅಳತೆಯಲ್ಲಿ ಏಳು ಗುಂಟೆ. ಐದು ಗ್ರಾಂನ ಪೊಟ್ಟಣ ಎಂದರೆ ಎಕರೆಗೆ ಐದು ಗುಂಟೆ ಕಡಿಮೆ. ಗೋಳಗುಮ್ಮಟದ ಒಳಗಿನ ಸುಮಾರು 1,700 ಚದರ ಮೀಟರ್ ನೆಲಕ್ಕೆ ಎರಡೂವರೆ ಗ್ರಾಂ ಮಣಿ ಸಾಕು, ಎರಡು ಚಿಟಿಕೆ.

ಆ ಗೋಡೆಯ ತುಂಬ ನೀರನ್ನು ಎಳೆದುಕೊಳ್ಳುವ ತುದಿಗಳಿವೆ, ಸಕ್ಕರೆಯಲ್ಲಿದ್ದಂಥವೇ. ಏಳು ಗುಂಟೆ ನೆಲದಲ್ಲಿ ಒತ್ತೊತ್ತಾಗಿ ಹುಗಿದ ಗೂಟಗಳು. ಸುರಂಗದೊಳಗೆ ಅಲೆದು ಬಂದ ಆವಿಯ ಕಣ ಗೂಟಕ್ಕೆ ಸಿಕ್ಕುತ್ತದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಗಾಳಿ ಹಸಿಯಿದ್ದರೆ ಇಕ್ಕಟ್ಟಾದ ಸುರಂಗ ಪೂರ್ತಿ ನೀರಾಗಿ ತುಂಬಿಕೊಳ್ಳುತ್ತದೆ. ಸ್ಪಂಜಿನಂತೆ ಮಣಿ ಉಬ್ಬುವುದಿಲ್ಲ, ಮೆತ್ತಗಾಗುವುದಿಲ್ಲ, ಮುಟ್ಟಿದರೆ ಒಣಗಿಯೇ ಇರುತ್ತದೆ. ನೀರು ಮಣಿಯ ಒಡಲಿಗೆ ಇಳಿಯದೆ ಮೈಗೆ ಅಂಟಿ ನಿಲ್ಲುವುದರಿಂದ ಇದನ್ನು ಮೈಯಂಟು ಎನ್ನೋಣ. ರಸಾಯನ ವಿಜ್ಞಾನಿಗಳು ಅಡ್ಸಾರ್ಪ್ಶನ್ ಎನ್ನುತ್ತಾರೆ. ತುಂಬ ಹಸಿ ಗಾಳಿಯಲ್ಲಿ ಈ ಮಣಿ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರನ್ನು ಹೀಗೆ ಕಟ್ಟಿಹಾಕಬಲ್ಲದು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ ಇದನ್ನು ತಯಾರಿಸುವ ಬಗೆಗೆ ಪೇಟೆಂಟ್ ಪಡೆದದ್ದು 1919ರಲ್ಲಿ. ಮೊದಲ ಮಹಾಯುದ್ಧದ ವಿಷಗಾಳಿಯ ಮುಖವಾಡಕ್ಕೆಂದು ಶುರುವಾದ ಹುಡುಕಾಟ, ಎರಡನೆಯ ಯುದ್ಧದ ಹೊತ್ತಿಗೆ ಪೆನಿಸಿಲಿನ್ನನ್ನು ಒಣದಾಗಿ ಇಡುವ ಕೆಲಸಕ್ಕೆ ಬಂತು. ಅಲ್ಲಿಂದ ಚಪ್ಪಲಿ ಡಬ್ಬಿಯವರೆಗೆ.

ಗೂಟ ತುಂಬಿದ ಮೇಲೆ

ಪೊಟ್ಟಣ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. 30 ಲೀಟರಿನ ಚೀಲದಲ್ಲಿ ಮಳೆಗಾಲದ 30 ಡಿಗ್ರಿಯ ಗಾಳಿ ಪೂರ್ತಿ ತುಂಬಿದ್ದರೂ ಅದರಲ್ಲಿರುವ ನೀರು ಒಂದು ಗ್ರಾಂನೊಳಗೆ. ಐದು ಗ್ರಾಂನ ಪೊಟ್ಟಣ ಅದನ್ನು ನಿಭಾಯಿಸುತ್ತದೆ. ಆದರೆ ಚೀಲದ ಸ್ಪಂಜು, ಪಟ್ಟಿ, ಬಟ್ಟೆ ಹಿಡಿದುಕೊಂಡ ನೀರು ಅದರ ಹಲವು ಪಟ್ಟು. ಜಿಪ್ಪಿನ ಸಂದಿನಿಂದ ಹೊಸ ಗಾಳಿ ಬರುತ್ತಲೇ ಇರುತ್ತದೆ. ಕೆಲವೇ ದಿನದಲ್ಲಿ ಗೂಟಗಳೆಲ್ಲ ತುಂಬುತ್ತವೆ. ತುಂಬಿದ ಪೊಟ್ಟಣವನ್ನು ಬಿಸಿಲಿಗೆ ನಿಂತ ಕಾರಿನಲ್ಲಿಟ್ಟರೆ ಕಾಯ್ದ ನೀರು ಗೂಟ ಬಿಚ್ಚಿಕೊಂಡು ಚೀಲದೊಳಗೇ ಹೊರಬರುತ್ತದೆ.

ಆದ್ದರಿಂದ ಮನೆಯಲ್ಲಿ ಲೆನ್ಸಿಗೆ ಸರಿಯಾದ ಜಾಗ ಗಾಳಿ ಆಡದ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಮುಷ್ಟಿ ಮಣಿ, ಜೊತೆಗೆ ತುಂಬುಮಟ್ಟ ತೋರಿಸುವ ಅಗ್ಗದ ಮೀಟರು. ಮುಳ್ಳು 40ರಿಂದ 50ರ ನಡುವೆ ಇದ್ದರೆ ಚೆನ್ನ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ನೆನೆದ ಫೋನಿಗೂ ಅದನ್ನೇ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಅಕ್ಕಿಯಲ್ಲಿ ಆಗಲೇ ನೂರಕ್ಕೆ ಹನ್ನೆರಡು ಪಾಲು ನೀರಿದೆ, ಅದರ ಗೂಟಗಳು ಅರ್ಧಕ್ಕಿಂತ ಹೆಚ್ಚು ತುಂಬಿವೆ, ಮೇಲಾಗಿ ಹಿಟ್ಟು ಹಾರುತ್ತದೆ. ಜೋಳಕ್ಕೂ ಇದೇ ಮಾತು ಸಲ್ಲುತ್ತದೆ. ತಿಕೋಟಾದ ಗೆಳೆಯರಿಗೆ ಇದನ್ನು ಹೇಳಿದೆ, ಅಂದಿನಿಂದ ಹಕ್ಕಿ ನೋಡುವ ಜೋಳದ ಚೀಲ ಕ್ಯಾಮೆರಾ ಚೀಲದ ಹೊರಗೆ ತೂಗಾಡುತ್ತಿದೆ.

ತುಂಬಿದ ಗೂಟ ಬಿಡಿಸಲು ಬಿಸಿಯೇ ಬೇಕು, 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ತಾಸು. ಏಪ್ರಿಲ್ ಬಿಸಿಲು ಸಾಲದು. ಮಣಿಗಳಲ್ಲಿ ಕೆಲವಕ್ಕೆ ಬಣ್ಣ ಹಾಕಿರುತ್ತಾರೆ, ಒಣಗಿದಾಗ ನೀಲಿ, ನೀರು ಕುಡಿದಾಗ ಗುಲಾಬಿ. ಆ ಬಣ್ಣ ಕೋಬಾಲ್ಟ್ ಲವಣದ್ದು, ಮೈಗೆ ಒಳ್ಳೆಯದಲ್ಲ. ಅದನ್ನು ಅಡುಗೆಯ ಪಾತ್ರೆಯಲ್ಲಿ, ರೊಟ್ಟಿಯ ಹಂಚಿನ ಮೇಲೆ ಎಂದೂ ಹುರಿಯಬಾರದು, ಮಕ್ಕಳ ಕೈಗೆ ಸಿಗಬಾರದು. ಈಚೆಗೆ ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ ಮಣಿಗಳೂ ಬಂದಿವೆ, ಕೊಳ್ಳುವುದಾದರೆ ಅವನ್ನೇ ಕೊಳ್ಳಿ.

ತಿಕೋಟಾದ ಗೆಳೆಯರ ಹತ್ತಿರ ಇದ್ದದ್ದು ಹಳೆಯ ನೀಲಿ. ಕಳೆದ ಸೆಪ್ಟೆಂಬರಿನಲ್ಲಿ ಹೋದಾಗ ಹಿತ್ತಲಲ್ಲಿ ಇದಕ್ಕೆಂದೇ ಬೇರೆ ಇಟ್ಟ ಒಂದು ತಗಡಿನ ತಟ್ಟೆ ಸಣ್ಣ ಉರಿಯ ಮೇಲಿತ್ತು. ಮಣಿಗಳು ಮಾಸಲು ಗುಲಾಬಿ. ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಚಿನ ಒಂದು ಸಾಲು ಕೆನ್ನೀಲಿಗೆ ತಿರುಗಿತು, ಅಲ್ಲಿಂದ ನಡುವಿಗೆ ನೀಲಿ ಹರಿಯಿತು. ಮೇಲೆ ಹಿಡಿದ ಉಕ್ಕಿನ ಚಮಚದ ತಣ್ಣನೆಯ ಬೆನ್ನಿಗೆ ಸಣ್ಣ ಹನಿಗಳು ಕೂತವು, ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ನನ್ನ ಲೆನ್ಸಿಗೆ ಕೂತ ಹಾಗೆಯೇ. “ಬಿಸಿ ಇದ್ದಾಗ್ಲೇ ಮುಚ್ಚಬೇಕ್ರಿ, ಆರಿದ್ರ ಮತ್ತ ಗಾಳಿ ಕುಡೀತಾವ,” ಎನ್ನುತ್ತ ಅವರು ಮಣಿಗಳನ್ನು ಗಾಜಿನ ಭರಣಿಗೆ ಸುರಿದು ಮುಚ್ಚಳ ತಿರುವಿದರು. ಹೊರಗೆ ಮಳೆ ಶುರುವಾಗಿತ್ತು.